ಹುಡುಗಿಯರು ದಣಿದಿರಲಿಲ್ಲ

ನಮ್ಮ ಬಚ್ಚಲಿನ ಪಕ್ಕದ ಕಟ್ಟಿಗೆ ರಾಶಿಗೆ ಒಂದು ಫ್ಲೆಕ್ಸ್ ಹೊದೆಸಿದ್ದೇವೆ. ನಮ್ಮ ಕಡೆ ಯಾವ ಫ್ಲೆಕ್ಸೂ ಸುಮ್ಮನೆ ಸಾಯುವುದಿಲ್ಲ. ಮಂತ್ರಿಗಳು ಗೊಬ್ಬರದ ಗುಂಡಿ ಮುಚ್ಚುತ್ತಾರೆ, ಮದುಮಕ್ಕಳು ಬೈಕಿಗೆ ಮಳೆ ತಾಗದಂತೆ ನೋಡಿಕೊಳ್ಳುತ್ತಾರೆ. ನಮ್ಮ ಕಟ್ಟಿಗೆ ಕಾಯುವವನು ಒಬ್ಬ ಫುಟ್‌ಬಾಲ್ ಆಟಗಾರ. ಅವನ ಬಲಗಾಲು ನೀರೊಲೆಯ ಹೊಗೆಗೆ ಕಪ್ಪಾಗಿದೆ, ಮುಖ ಮಾತ್ರ ಮೊದಲ ದಿನದ ಹಾಗೆಯೇ ನಗುತ್ತಿದೆ. ನನ್ನ ತಂಗಿ ಹರಿಣಾಕ್ಷಿ ಬೆಳಿಗ್ಗೆ ಕಟ್ಟಿಗೆ ತೆಗೆಯಬೇಕಾದರೆ ಅವನ ಗಲ್ಲ ಹಿಡಿದು ಎತ್ತಬೇಕು. ಎತ್ತುವಾಗ ಅವಳು ಅವನನ್ನು ನೋಡುವುದಿಲ್ಲ. ಹಿಂದಿನ ಜಗಲಿಯಲ್ಲಿ ಚಾ ಕುಡಿಯುತ್ತಿರುವ ನನ್ನನ್ನು ನೋಡುತ್ತಾಳೆ.

ಆ ನೋಟದ ಕಥೆಯನ್ನೇ ನಿಮಗೆ ಹೇಳಲು ಹೊರಟಿದ್ದೇನೆ. ಬರೆದು ಅಭ್ಯಾಸವಿಲ್ಲ, ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಬಡತನದಿಂದ ಬಿಟ್ಟೆ ಎಂದರೆ ನಾಲ್ಕು ಜನ ಅಯ್ಯೋ ಎನ್ನುತ್ತಾರೆ. ಆದರೆ ನಾನು ಬಿಟ್ಟದ್ದು ಗಣಿತದಿಂದ. ಈಗ ವಿಟ್ಲದಿಂದ ಬಿ.ಸಿ.ರೋಡಿಗೆ ಗೂಡ್ಸ್ ರಿಕ್ಷಾ ಓಡಿಸುತ್ತೇನೆ. ಸಿಮೆಂಟು, ಕೋಳಿ ಆಹಾರ, ಒಮ್ಮೊಮ್ಮೆ ಮದುವೆ ಮನೆಯ ಕುರ್ಚಿ. ಶನಿವಾರ, ಆದಿತ್ಯವಾರ ಬಂದರೆ ಮಾತ್ರ ನಾನು ಬೇರೆ ಮನುಷ್ಯ. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಕಬಡ್ಡಿ, ವಾಲಿಬಾಲ್, ಅಂಡರ್ ಆರ್ಮ್ ಕ್ರಿಕೆಟ್ ಎಲ್ಲಿ ನಡೆದರೂ ಮೇಜಿನ ಹಿಂದೆ ಮೈಕ್ ಹಿಡಿದು ಕೂತಿರುವ ವೀಕ್ಷಕ ವಿವರಣೆಗಾರ ಲೋಕೇಶ್. ಊರಿಗೆ ಲೋಕಣ್ಣ.

ಮೈಕಿನ ಹುಚ್ಚು ಹಿಡಿದದ್ದು ಯಕ್ಷಗಾನದ ಪ್ರಚಾರದ ಜೀಪಿನಿಂದ. ಜೀಪು ಬಂದರೆ ನಾವಿಬ್ಬರೂ ನೋಟೀಸಿಗಾಗಿ ಹಿಂದೆ ಓಡುತ್ತಿದ್ದೆವು. ಹರಿಣಾಕ್ಷಿಗೆ ಬಣ್ಣದ ಕಾಗದ ಸಿಕ್ಕಿದರೆ ಸಾಕಿತ್ತು. ನನಗೆ ಮುಂದಿನ ಸೀಟಿನಲ್ಲಿ ಕೂತ, ಕಾಣದ ಆ ಮನುಷ್ಯನ ಸ್ವರ ಬೇಕಿತ್ತು. ಮನೆಗೆ ಬಂದು ಸ್ಟೀಲಿನ ಲೋಟಕ್ಕೆ ಬಾಯಿ ಕೊಟ್ಟು ಹಟ್ಟಿಯಲ್ಲಿದ್ದ ದನಗಳಿಗೆ ಬಯಲಾಟದ ಆಮಂತ್ರಣ ಕೊಡುತ್ತಿದ್ದೆ. ಅಮ್ಮ ಹೇಳುತ್ತಿದ್ದರು, "ಲೋಟ ಬಾಯಿಂದ ತೆಗಿ, ಇಲ್ಲದಿದ್ರೆ ಒಂದು ದಿನ ಅದು ಅಲ್ಲೇ ಸಿಕ್ಕಿ ಬೀಳ್ತದೆ."

ಫುಟ್‌ಬಾಲೂ ಆಗಲೇ ಇತ್ತು, ನಮ್ಮ ಅಂಗಳದ ಮಟ್ಟಿಗೆ. ಹಳೆ ಬಟ್ಟೆಯನ್ನು ಉಂಡೆ ಮಾಡಿ ಬಾಳೆಬಳ್ಳಿಯಿಂದ ಬಿಗಿದರೆ ಚೆಂಡು. ಬಟ್ಟೆ ಒಗೆಯುವ ಕಲ್ಲು ಮತ್ತು ದನ ಕಟ್ಟುವ ಗೂಟದ ನಡುವೆ ಗೋಲು. ಒದೆಯುವುದು ಯಾವಾಗಲೂ ನಾನು, ಹಿಡಿಯುವುದು ಯಾವಾಗಲೂ ಅವಳು. "ಈಗ ನಾನೊಮ್ಮೆ ಒದಿತೇನೆ ಅಣ್ಣ" ಎಂದರೆ, "ನೀನು ಸಣ್ಣವಳು, ಹಿಡಿ" ಎನ್ನುತ್ತಿದ್ದೆ. ಹಿಡಿದು ಹಿಡಿದು ಅವಳು ಮೂಡುಬಿದಿರೆಯ ಕಾಲೇಜಿನ ಹುಡುಗಿಯರ ತಂಡಕ್ಕೆ ಗೋಲ್‌ಕೀಪರ್ ಆದಳು. ಅದನ್ನು ನನ್ನ ತರಬೇತಿಯೆಂದು ನಾನು ಹಲವು ಕಡೆ ಹೇಳಿಕೊಂಡಿದ್ದೇನೆ. ಮೊಣಕಾಲಿಗೆ ಪೆಟ್ಟಾದ ಮೇಲೆ ಆಡುವುದು ಬಿಟ್ಟು ನಮ್ಮೂರಿನ ಹೈಸ್ಕೂಲಿಗೇ ತಾತ್ಕಾಲಿಕ ದೈಹಿಕ ಶಿಕ್ಷಕಿಯಾಗಿ ಬಂದಳು. ಬಂದವಳು ಹುಡುಗಿಯರ ಕಾಲಿಗೆ ಚೆಂಡು ಕೊಟ್ಟಳು.

ನಮ್ಮ ಊರಿಗೆ ಫುಟ್‌ಬಾಲ್ ಒಗ್ಗಿದ ಆಟವಲ್ಲ. ನಾಲ್ಕು ವರ್ಷಕ್ಕೊಮ್ಮೆ ವಿಶ್ವಕಪ್ ಬರುವಾಗ ಜಂಕ್ಷನ್ನುಗಳಲ್ಲಿ ಬಸ್ ಸ್ಟಾಪಿಗಿಂತ ದೊಡ್ಡ ವಿದೇಶಿ ಆಟಗಾರರು ಎದ್ದು ನಿಲ್ಲುವುದುಂಟು. ಚೆಂಡು ಮುಟ್ಟದವರೂ ಎರಡು ದೇಶಗಳಾಗಿ ಒಡೆದು ಮಾತು ಬಿಡುವುದುಂಟು. ವಿಶ್ವಕಪ್ ಮುಗಿದರೆ ಮತ್ತೆ ಕಬಡ್ಡಿ, ಕ್ರಿಕೆಟ್. ಹೋಟೆಲಿನ ಗಣೇಶಣ್ಣ ನಮ್ಮ ಯುವಕ ಮಂಡಲದ ಅಧ್ಯಕ್ಷರು. ಅವರ ಲೆಕ್ಕ ಹೀಗೆ: "ಇಷ್ಟು ಜನ ಇಷ್ಟು ಹೊತ್ತು ಓಡಿ ಒಂದು ಗೋಲಾ? ಎಂತ ನಷ್ಟ ಮಾರಾಯ! ನಮ್ಮ ಕಬಡ್ಡಿಯಲ್ಲಿ ಒಬ್ಬ ಉಸಿರು ಬಿಡುದ್ರೊಳಗೆ ಮೂರು ಪಾಯಿಂಟ್ ಬರ್ತದೆ."

ಅದೇ ಗಣೇಶಣ್ಣ ಒಂದು ದಿನ ಕೇರಳಕ್ಕೆ ಹೋಗಿ ಅಲ್ಲಿಯ ಸೆವೆನ್ಸ್ ಪಂದ್ಯ ನೋಡಿ ಬಂದರು. ಗದ್ದೆಯಲ್ಲಿ ಗ್ಯಾಲರಿ ಕಟ್ಟಿ, ಒಂದೊಂದು ಕಡೆ ಏಳೇ ಜನ ಆಡುವ ಪಂದ್ಯ ಅದು. ನೋಡಿ ಬಂದವರಿಗೆ ಕಣ್ಣೇ ಬೇರೆ ಆಗಿತ್ತು. "ಜನ ಆಟಕ್ಕೆ ಬರುದಲ್ಲ ಟೀಚರೇ, ಆಟಗಾರನಿಗೆ ಬರುದು. ಊರಿಗೆ ಒಬ್ಬ ಸ್ಟಾರ್ ಬಂದ್ರೆ ಸಾಕು, ಮರುದಿನ ಎಲ್ಲ ಮಕ್ಕಳೂ ಚೆಂಡು ಒದಿತಾರೆ" ಎಂದು ಹರಿಣಾಕ್ಷಿಗೆ ಹೇಳಿದರು.

ಅವಳು, "ಸ್ಟಾರನ್ನು ನೋಡ್ಲಿಕ್ಕೆ ಬಂದವರು ಅವನು ಹೋದ ಕೂಡ್ಲೇ ಹೋಗ್ತಾರೆ ಗಣೇಶಣ್ಣ. ಆಟ ಉಳಿಬೇಕಾದ್ರೆ ಅವರವರ ಮನೆಯವರೇ ಆಡುದನ್ನು ಅವರು ನೋಡ್ಬೇಕು" ಎಂದಳು.

"ಎರಡೂ ಮಾಡುವ" ಎಂದರು ಗಣೇಶಣ್ಣ.

ಹಾಗೆ ಒಪ್ಪಂದವಾಯಿತು. ಅಜ್ಮಲ್ ಎಂಬ ಸೆವೆನ್ಸ್ ಆಟಗಾರ ಜನವರಿಯ ಒಂದು ಆದಿತ್ಯವಾರ ಸಂಜೆ ಐದಕ್ಕೆ ಬರುವುದು. ಟಿ.ವಿ.ಯಲ್ಲಿ ಬಂದವನು, ಪೇಟೆಯ ಹುಡುಗರ ಫೋನಿನಲ್ಲೆಲ್ಲ ಅವನ ಗೋಲುಗಳಿದ್ದವು. ಈಗ ಫ್ಲೆಕ್ಸಿನಲ್ಲಿ ನಮ್ಮ ಕಟ್ಟಿಗೆ ಕಾಯುವವನು ಇವನೇ. ಅವನಿಗಾಗಿ ಜನ ನಾಲ್ಕಕ್ಕೇ ಸೇರುತ್ತಾರೆ. ಆ ಹೊತ್ತಿನಲ್ಲಿ ಹರಿಣಾಕ್ಷಿಯ ಹುಡುಗಿಯರು ಎರಡು ಕಡೆಯಾಗಿ ಆಡುವ ಪಂದ್ಯ. ಅವಳಿಗೆ ಬೇಕಾದದ್ದು ಆ ಸ್ವಲ್ಪ ಹೊತ್ತು ಮಾತ್ರ. ಯಾಕೆಂದರೆ ಹುಡುಗಿಯರ ಮನೆಗಳಲ್ಲಿ ಗೊಣಗಾಟ ಶುರುವಾಗಿತ್ತು. ಶನಿವಾರ ಕತ್ತಲಾಗುವವರೆಗೆ ಮೈದಾನ ಯಾಕೆ, ಮೈ ಕಪ್ಪಾಗುತ್ತದೆ, ನಾಳೆ ಮದುವೆ ಮಾಡಿ ಕೊಡಬೇಕಾದವಳ ಮೊಣಕಾಲು ತರಚಿದರೆ ಹೇಗೆ? ಅವಳು ಮನೆಮನೆಗೆ ಹೋಗಿ, "ಒಮ್ಮೆ ಬಂದು ನೋಡಿ. ನೋಡಿದ ಮೇಲೂ ಬೇಡ ಅನ್ಸಿದ್ರೆ ನಾನು ಒತ್ತಾಯ ಮಾಡುದಿಲ್ಲ" ಎಂದು ಕರೆದು ಬಂದಿದ್ದಳು. ಎಲ್ಲರಿಗಿಂತ ಗಟ್ಟಿ ಬೇಡ ಎಂದವರು ಗೇರುಬೀಜದ ಫ್ಯಾಕ್ಟರಿಗೆ ಹೋಗುವ ಗುಲಾಬಿಯಕ್ಕ. ಅವರ ಮಗಳು ಚೈತ್ರಾ ತಂಡದಲ್ಲಿ ಎಲ್ಲರಿಗಿಂತ ಚಂದ ಆಡುವವಳು.

ಇಲ್ಲಿ ನನ್ನ ಕಸುಬಿನ ಒಂದು ಪದ್ಧತಿ ಹೇಳಬೇಕು. ಮೈಕ್ ಹಿಡಿದವನು ಏನನ್ನೂ ತನ್ನದಾಗಿ ಹೇಳಬಾರದು. ಜನ ಗೆರೆ ದಾಟಿ ಬಂದರೆ "ಹಿಂದೆ ಹೋಗಿ" ಎಂದು ನಾನು ಹೇಳಿದರೆ ಒಂದು ಕೋಳಿಯೂ ಕದಲುವುದಿಲ್ಲ. "ತೀರ್ಪುಗಾರರ ವಿನಂತಿಯ ಮೇರೆಗೆ ಪ್ರೇಕ್ಷಕರು ಹಿಂದೆ ಸರಿಯಬೇಕು" ಎಂದರೆ ಸರಿಯುತ್ತಾರೆ. ತೀರ್ಪುಗಾರ ಆಗ ಮೂಲೆಯಲ್ಲಿ ಚಾ ಕುಡಿಯುತ್ತಿದ್ದರೂ ಆಯಿತು. ಊಟ ಮುಗಿದರೆ ಸಂಘಟಕರ ವಿನಂತಿ, ಬೈಕ್ ಅಡ್ಡ ಇಟ್ಟರೆ ಪೊಲೀಸರ ವಿನಂತಿ. ಬೇಕಾದ ಹೆಸರನ್ನು ಬೇಕಾದಲ್ಲಿ ಅಂಟಿಸಿ ಅಂಟಿಸಿ, ಆ ಹೆಸರಿಗೆ ಒಬ್ಬ ಮನುಷ್ಯ ಇದ್ದಾನೆ ಎಂಬುದೇ ನನಗೆ ಮರೆತುಹೋಗಿತ್ತು.

ಆ ದಿನ ನಾಲ್ಕಕ್ಕೆ ಮೈದಾನ ತುಂಬಿತ್ತು. ಮರದ ಮೇಲೆ, ಶಾಲೆಯ ಕಾಂಪೌಂಡಿನ ಮೇಲೆ ಜನ. ಹೆಂಗಸರ ಸಾಲಿನಲ್ಲಿ ಗುಲಾಬಿಯಕ್ಕ ಸೆರಗು ಬಿಗಿಯಾಗಿ ಹೊದ್ದು, ಯಾರಿಗೋ ಹಠ ಸಾಧಿಸುವವರಂತೆ ಕೂತಿದ್ದರು. ಹುಡುಗಿಯರು ಇಳಿದಾಗ ಮೊದಲು ನಗೆ, ಆಮೇಲೆ ಶಿಳ್ಳೆ, ಆಮೇಲೆ ನಿಧಾನಕ್ಕೆ ಮೌನ. ಮೌನವನ್ನು ನಾನು ಬಲ್ಲೆ. ಜನ ನಿಜವಾಗಿ ಆಟ ನೋಡಲು ಶುರು ಮಾಡಿದರೆ ಮಾತ್ರ ಅದು ಬರುವುದು. ಎರಡು ಕಡೆಯೂ ಗೋಲಾಗಿರಲಿಲ್ಲ. ಕೊನೆಯ ಹೊತ್ತಿಗೆ ಚೈತ್ರಾ ಇಬ್ಬರನ್ನು ದಾಟಿ ನುಗ್ಗಿದಳು, ಅವಳನ್ನು ಕೆಡವಿದರು, ತೀರ್ಪುಗಾರ ಸೀಟಿ ಊದಿ ಪೆನಾಲ್ಟಿ ಕೊಟ್ಟ. ಹೆಂಗಸರ ಸಾಲು ಎದ್ದು ನಿಂತಿತು. ಗುಲಾಬಿಯಕ್ಕನೂ ನಿಂತರು.

ಆಗ ಗೇಟಿನಲ್ಲಿ ಬಿಳಿ ಕಾರು ಕಂಡಿತು.

ಹೆದ್ದಾರಿ ಕೆಲಸ ಶುರುವಾದಾಗಿನಿಂದ ಫರಂಗಿಪೇಟೆ ದಾಟಿ ಹೇಳಿದ ಹೊತ್ತಿಗೆ ಬಂದವರೇ ಇಲ್ಲ. ಆ ದಿನ ರಸ್ತೆ ಖಾಲಿ ಇತ್ತಂತೆ. ಅಜ್ಮಲ್ ಬೇಗ ಬಂದುಬಿಟ್ಟಿದ್ದ. ಗಣೇಶಣ್ಣ ಗೇಟಿನಿಂದಲೇ ನನಗೆ ಕೈ ತೋರಿಸಿದರು, ಸ್ಲೇಟು ಒರೆಸಿದ ಹಾಗೆ. ಮುಗಿಸು ಎಂದು. ಕಾಂಪೌಂಡಿನ ಮೇಲಿದ್ದ ಹುಡುಗರು ಕಾರಿನ ಕಡೆ ಹಾರಲು ಶುರು ಮಾಡಿದ್ದರು. ಚೈತ್ರಾ ಚೆಂಡನ್ನು ಚುಕ್ಕಿಯ ಮೇಲಿಟ್ಟು, ತೃಪ್ತಿಯಾಗದೆ ಮತ್ತೆ ತಿರುಗಿಸಿ ಇಟ್ಟು, ಹಿಂದೆ ಹಿಂದೆ ಹೋಗುತ್ತಿದ್ದಳು. ಹರಿಣಾಕ್ಷಿ ಗೋಲಿನ ಹಿಂದೆ ಎರಡು ಕೈಯನ್ನೂ ಬಾಯಿಗೆ ಒತ್ತಿ ನಿಂತಿದ್ದಳು.

ಮೈಕಿನ ಸ್ವಿಚ್ಚಿನ ಮೇಲೆ ನನ್ನ ಹೆಬ್ಬೆರಳು. ಒಂದು ಒದೆತಕ್ಕೆ ಎಷ್ಟು ಹೊತ್ತು ಬೇಕು? ಕಾಯಬಹುದಿತ್ತು. ಗಣೇಶಣ್ಣನ ಕೈ ನೋಡಿ ಹೆದರಿ ಹಾಗೆ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಆ ಸ್ಟಾರ್ ಆಟಗಾರನ ಸ್ವಾಗತದ ಮಾತನ್ನು ನಾನು ಒಂದು ವಾರ ರಿಕ್ಷಾದಲ್ಲಿ ಬಾಯಿಪಾಠ ಮಾಡಿದ್ದೆ. ತುಂಬಿದ ಮೈದಾನಕ್ಕೆ ಅದನ್ನು ಹೇಳಬೇಕಿತ್ತು. ಜನ ತಾವಾಗಿಯೇ ಕಾರಿನ ಕಡೆ ಹೋಗಿಬಿಟ್ಟರೆ ಯಾರ ಮುಂದೆ ಹೇಳುವುದು? ಸ್ವಿಚ್ ಒತ್ತಿದೆ.

"ನಮ್ಮ ಪುಟ್ಟ ಹುಡುಗಿಯರು ತುಂಬಾ ದಣಿದಿದ್ದಾರೆ. ಅವರ ಶಿಕ್ಷಕಿ ಹರಿಣಾಕ್ಷಿಯವರ ವಿನಂತಿಯ ಮೇರೆಗೆ ಪಂದ್ಯವನ್ನು ಇಲ್ಲಿಗೇ ನಿಲ್ಲಿಸಲಾಗುತ್ತಿದೆ. ಇದೀಗ ಮೈದಾನಕ್ಕೆ ಆಗಮಿಸುತ್ತಿದ್ದಾರೆ..."

ಅವಳ ಹೆಸರು ಯಾಕೆ ಹೇಳಿದೆ? ಅವಳ ಹೆಸರಾದರೆ ಜನ ನಂಬುತ್ತಾರೆ, ಅದಕ್ಕೆ.

ಹರಿಣಾಕ್ಷಿ ತಿರುಗಿ ನನ್ನನ್ನು ನೋಡಿದಳು. ಏನೋ ಕೂಗಿದಳು. ಮೈದಾನದ ಎರಡೂ ಮೂಲೆಯ ದೊಡ್ಡ ಸ್ಪೀಕರುಗಳಲ್ಲಿ ನನ್ನ ಸ್ವರ ಇತ್ತು, ಅವಳ ಹತ್ತಿರ ಅವಳ ಗಂಟಲು ಮಾತ್ರ. ಜನ ಗೆರೆ ದಾಟಿ, ಗೋಲು ದಾಟಿ ಕಾರಿಗೆ ಮುತ್ತಿದರು. ಚುಕ್ಕಿಯ ಮೇಲಿದ್ದ ಚೆಂಡು ಯಾರದೋ ಕಾಲಿಗೆ ಸಿಕ್ಕಿ ಚರಂಡಿಗೆ ಹೋಯಿತು. ಗುಲಾಬಿಯಕ್ಕ ಬಂದು ಚೈತ್ರಾಳ ರಟ್ಟೆ ಹಿಡಿದು ಕರೆದುಕೊಂಡು ಹೋದದ್ದನ್ನು ನಾನು ಸ್ವಾಗತ ಭಾಷಣದ ನಡುವೆ ನೋಡಿದೆ. ಭಾಷಣ ನಿಲ್ಲಿಸಲಿಲ್ಲ. ಬಹಳ ಚೆನ್ನಾಗಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು.

ಅಜ್ಮಲ್ ಚೆಂಡನ್ನು ಕಾಲಲ್ಲಿ, ಹೆಗಲಲ್ಲಿ, ಹಣೆಯಲ್ಲಿ ಕುಣಿಸಿದ. ಗಣ್ಯರೆಲ್ಲ ಒಂದೊಂದು ಒದೆತ ಒದ್ದರು. ಗಣೇಶಣ್ಣ ಪಂಚೆ ಎತ್ತಿ ಕಟ್ಟಿ ಒದ್ದದ್ದಕ್ಕೆ ಚೆಂಡು ಅಲ್ಲೇ ಉಳಿದು ಚಪ್ಪಲಿ ಗೋಲಾಯಿತು. ಎಲ್ಲ ಮುಗಿದು ಅವನು ಹೊರಡುವ ಮೊದಲು ನಮ್ಮ ಮೇಜಿನ ಹತ್ತಿರ ಚಾ ಕುಡಿಯಲು ಕೂತ. ಪ್ಯಾಂಟು ಮೇಲೆ ಸರಿಸಿದಾಗ ಎರಡೂ ಮೊಣಕಾಲಿಗೆ ಪಟ್ಟಿ. ನನ್ನ ಹರುಕು ಮಲಯಾಳಕ್ಕೆ ನಗುತ್ತಾ ಅವನೊಂದು ಮಾತು ಕೇಳಿದ.

"ಆ ಹುಡುಗಿ ಪೆನಾಲ್ಟಿಗೆ ನಿಂತಿದ್ದಳಲ್ಲ ಚೇಟಾ, ಯಾಕೆ ನಿಲ್ಲಿಸಿದ್ದು? ನಾನು ಅದು ಮುಗಿಯಲಿ ಅಂತ ಕಾರಲ್ಲೇ ಕೂತಿದ್ದೆ."



ಮನೆಯಲ್ಲಿ ಹರಿಣಾಕ್ಷಿ ಅಳಲಿಲ್ಲ, ಬೈಯಲಿಲ್ಲ. ಊಟ ಮಾಡಿ ಬಟ್ಟಲು ತೊಳೆಯುತ್ತಾ ಕೇಳಿದಳು, "ಅಣ್ಣ, ನಾನು ಯಾವಾಗ ವಿನಂತಿ ಮಾಡಿದ್ದು?"

"ಅದು ಮೈಕಿನ ಮಾತಿನ ಕ್ರಮ ಮಾರಾಯ್ತಿ. ಯಾರು ನೆನಪಿಟ್ಕೊಳ್ತಾರೆ?"

ಎಲ್ಲರೂ ನೆನಪಿಟ್ಟುಕೊಂಡಿದ್ದರು. ಮುಂದಿನ ಶನಿವಾರ ಅವಳು ಚೆಂಡುಗಳ ಬಲೆಚೀಲ ಹೊತ್ತು ಮೈದಾನಕ್ಕೆ ಹೋದರೆ ಒಬ್ಬ ಹುಡುಗಿಯೂ ಬಂದಿರಲಿಲ್ಲ. ಮನೆಗಳಿಗೆ ಹೋದರೆ ಒಂದೇ ಉತ್ತರ: "ನೀವೇ ಹೇಳಿದ್ದಲ್ವಾ ಟೀಚರ್, ಹುಡುಗಿಯರಿಗೆ ಆಗುದಿಲ್ಲ ಅಂತ?" ಮತ್ತೆ ಸ್ಟಾರ್ ಆಟಗಾರನ ಪ್ರಭಾವ ಕೇಳುತ್ತೀರಾ? ಗಂಡು ಹುಡುಗರು ಅವನ ಹಾಗೆ ಕಿವಿಯ ಮೇಲೆ ಕೂದಲು ಬೋಳಿಸಿದರು. ಕೂದಲು ಬೆಳೆಯುವಷ್ಟು ದಿನ ಚೆಂಡು ಒದ್ದರು. ಆಮೇಲೆ ಕ್ರಿಕೆಟ್ ಬ್ಯಾಟು ಹೊರಬಂತು. ಮಳೆ ಹಿಡಿಯುವ ಹೊತ್ತಿಗೆ ಶಾಲೆಯ ಸಮಿತಿಯಲ್ಲಿ ಮಾತಾಯಿತು: ಮಳೆ ಬಿಟ್ಟ ಕೂಡಲೇ ಮೈದಾನದ ನಡುವೆ ಕ್ರಿಕೆಟಿಗೆ ಸಿಮೆಂಟಿನ ಪಿಚ್ಚು ಹಾಕುವುದು. ಹರಿಣಾಕ್ಷಿ ಬೇಡ ಎಂದು ಹೇಳಲು ಹೋದಳು. ಸಿಮೆಂಟಿನ ಮೇಲೆ ಬಿದ್ದರೆ ಮೊಣಕಾಲು ಉಳಿಯುವುದಿಲ್ಲ, ಆಮೇಲೆ ಅಲ್ಲಿ ಫುಟ್‌ಬಾಲ್ ಇಲ್ಲ. ಮುಖ್ಯೋಪಾಧ್ಯಾಯರು ಮರ್ಯಾದೆಯಲ್ಲೇ ಕೇಳಿದರಂತೆ, "ನಿಮ್ಮ ತಂಡ ಎಲ್ಲಿ ಉಂಟು ಟೀಚರ್? ತಂಡ ಇದ್ರೆ ತೋರಿಸಿ, ಬೇರೆ ಆಲೋಚನೆ ಮಾಡುವ."

ಆ ದಿನ ಅವಳು ಮನೆಗೆ ಬಂದು ಬಲೆಚೀಲವನ್ನು ಅಟ್ಟಕ್ಕೆ ಎಸೆದಳು. ನನಗೆ ತಡೆಯಲಾಗಲಿಲ್ಲ. "ನನ್ನಿಂದ ತಪ್ಪಾಯ್ತು ಹರಿಣಿ" ಎಂದೆ. ಹಿತ್ತಿಲಲ್ಲಿ, ಯಾರೂ ಇಲ್ಲದಾಗ.

"ಊರಿಗೆ ಕೇಳುವ ಹಾಗೆ ಹೇಳಿದ್ದನ್ನು ಹಿತ್ತಿಲಲ್ಲಿ ಹೇಳಿ ಸರಿ ಮಾಡ್ಲಿಕ್ಕಾಗುದಿಲ್ಲ ಅಣ್ಣ" ಎಂದು ಒಳಗೆ ಹೋದಳು.

ಮಳೆಗಾಲದಲ್ಲಿ ನಮ್ಮಲ್ಲಿ ಪಂದ್ಯಗಳಿಲ್ಲ, ಮೈಕೂ ಇಲ್ಲ. ಊರೆಲ್ಲ ಸೇರುವುದು ಕೃಷ್ಣಾಷ್ಟಮಿಯ ಮರುದಿನದ ಮೊಸರು ಕುಡಿಕೆಗೆ. ಭಜನಾ ಮಂದಿರದ ಅಂಗಳದಲ್ಲಿ ಮಕ್ಕಳ ಓಟ, ಹೆಂಗಸರ ಲಿಂಬೆ ಚಮಚ, ಗಂಡಸರ ಹಗ್ಗಜಗ್ಗಾಟ, ಕೊನೆಗೆ ಮಡಕೆ ಒಡೆಯುವುದು. ಮಡಕೆ ಒಡೆದರೆ ಜನ ನಿಲ್ಲುವುದಿಲ್ಲ. ಅಷ್ಟರೊಳಗೆ ಹೇಳಬೇಕು ಎಂದುಕೊಂಡು ಮೈಕ್ ಹಿಡಿದೆ. ಮಕ್ಕಳ ಓಟ ಮುಗಿಯಲಿ ಎಂದೆ, ಮುಗಿಯಿತು. ಲಿಂಬೆ ಚಮಚ ಮುಗಿಯಲಿ ಎಂದೆ. ಗುಲಾಬಿಯಕ್ಕ ಅದರಲ್ಲಿ ಎರಡನೆಯವರಾಗಿ ಬಂದು ನಗುತ್ತಾ ಕೂತರು. ಹಗ್ಗಜಗ್ಗಾಟವೂ ಮುಗಿಯಿತು. ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಹತ್ತಲು ಶುರು ಮಾಡಿದರು. ಹರಿಣಾಕ್ಷಿ ಕಂಬಕ್ಕೆ ಒರಗಿ ನಿಂತಿದ್ದಳು. ನಾನು ಏನು ಮಾಡಲು ಹೊರಟಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ.

"ಎಲ್ಲರೂ ಒಮ್ಮೆ ಕೇಳಬೇಕು. ಸಂಘಟಕರ ವಿನಂತಿ..." ಎಂದೆ. ಅಭ್ಯಾಸ. ನಿಲ್ಲಿಸಿದೆ. "ಅಲ್ಲ. ಇದು ಯಾರ ವಿನಂತಿಯೂ ಅಲ್ಲ. ನಾನು ಲೋಕೇಶ, ನನ್ನ ಮಾತು."

"ಎಂತ ಲೋಕಣ್ಣ, ಚುನಾವಣೆಗೆ ನಿಲ್ತೀರಾ?" ಎಂದು ಒಬ್ಬ ಕೂಗಿದ. ಅಂಗಳ ನಕ್ಕಿತು. ಹೆಗಲ ಮೇಲಿದ್ದ ಹುಡುಗರು ಹಾಗೆಯೇ ನಿಂತರು.

"ಜನವರಿಯಲ್ಲಿ ಹುಡುಗಿಯರ ಫುಟ್‌ಬಾಲ್ ನಿಲ್ಲಿಸಿದ್ದು ನಾನು. ನನ್ನ ತಂಗಿ ನಿಲ್ಲಿಸಲು ಹೇಳಿರಲಿಲ್ಲ. ಅವಳ ಹೆಸರಲ್ಲಿ ನಾನು ಸುಳ್ಳು ಹೇಳಿದ್ದು. ಹುಡುಗಿಯರು ದಣಿದಿರಲಿಲ್ಲ. ಇನ್ನೂ ಅಷ್ಟೇ ಹೊತ್ತು ಆಡುತ್ತಿದ್ದರು."

ಗಣೇಶಣ್ಣ ಹಿಂದಿನಿಂದ, "ಆಯ್ತು ಮಾರಾಯ, ಮಡಕೆ ಒಡಿಲಿ, ಮಳೆ ಬರ್ತದೆ" ಎಂದರು. ಮಡಕೆ ಒಡೆಯಿತು. ಜನ ಚದುರಿದರು. ಇಷ್ಟೇನಾ ಎಂದು ನಾನು ವಯರು ಸುತ್ತುತ್ತಿದ್ದಾಗ ಮೇಜಿನ ಮುಂದೆ ಗುಲಾಬಿಯಕ್ಕ ನಿಂತಿದ್ದರು. ಕೈಯಲ್ಲಿ ಬಹುಮಾನದ ಸ್ಟೀಲ್ ಬಟ್ಟಲು.

"ನನ್ನ ಮಗಳು ಆ ದಿನ ಮನೆಗೆ ಬಂದು, ಟೀಚರ್ ಹಾಗೆ ಹೇಳ್ಲೇ ಇಲ್ಲ ಅಂತ ಅತ್ಲು. ಮೈಕಿನಲ್ಲಿ ಊರಿಗೇ ಕೇಳಿದೆ, ನೀನು ಸುಳ್ಳು ಹೇಳ್ತಿಯಾ ಅಂತ ನಾನು ಎರಡು ಪೆಟ್ಟು ಕೊಟ್ಟೆ."

ನಾನು ವಯರು ಸುತ್ತುವುದನ್ನು ನಿಲ್ಲಿಸಿದೆ.

"ಮೈಕಿನಲ್ಲಿ ಹೇಳಿದ್ದು ಊರಿಗಾಯ್ತು" ಎಂದರು. "ಅವಳಿಗೆ ಜ್ವರ, ಇವತ್ತು ಬರ್ಲಿಲ್ಲ. ನೀವು ಮನೆಗೆ ಬಂದು ಅವಳ ಮುಂದೆ ಹೇಳಿ. ನಾನು ಪಕ್ಕದಲ್ಲಿ ನಿಲ್ತೇನೆ. ನಂಗೂ ಹೇಳ್ಲಿಕ್ಕೆ ಉಂಟು ಅವಳಿಗೆ."

ಹೋದೆ. ಸಾವಿರ ಜನರ ಮುಂದೆ ಮಾತಾಡುವ ನಾನು ಆ ಸಣ್ಣ ಜಗಲಿಯ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ನಿಂತೆ. ಮೈಕ್ ಇದ್ದರೆ ಎದುರಿಗಿರುವುದು ಜನ. ಇಲ್ಲದಿದ್ದರೆ ಎದುರಿಗಿರುವುದು ಮುಖ. ಚೈತ್ರಾ ಕಂಬಳಿ ಹೊದ್ದು ಬಾಗಿಲಲ್ಲಿ ನಿಂತಳು. ನಾನು ಹೇಳಿದೆ. ಸ್ವರ ಎಷ್ಟು ಸಣ್ಣಗಿತ್ತೆಂದರೆ ಅವಳು, "ಎಂತ?" ಎಂದು ಕೇಳಿದಳು. ಮತ್ತೊಮ್ಮೆ ಹೇಳಬೇಕಾಯಿತು. ಅವಳು ನನ್ನನ್ನು ನೋಡಲಿಲ್ಲ, ಅಮ್ಮನನ್ನು ನೋಡಿದಳು. ಗುಲಾಬಿಯಕ್ಕ ಮಗಳ ಹಣೆಗೆ ಕೈ ಇಟ್ಟು ಜ್ವರ ನೋಡಿದರು. ಬಹಳ ಹೊತ್ತು ಆ ಕೈ ಅಲ್ಲೇ ಇತ್ತು. ನಾನು ಹೋಗಿ ಬರುತ್ತೇನೆ ಎಂದೂ ಹೇಳದೆ ಹೊರಟು ಬಂದೆ.

ಮೊನ್ನೆ ಶನಿವಾರ ಸಂಜೆ ಮಳೆ ಸ್ವಲ್ಪ ಬಿಟ್ಟಿತ್ತು. ಹರಿಣಾಕ್ಷಿ ಅಟ್ಟದಿಂದ ಬಲೆಚೀಲ ಇಳಿಸಿಕೊಂಡು ಹೋದಳು. ನಾನು ಜಗಲಿಯಲ್ಲಿ ಕೂತು ಕತ್ತಲಾಗುವುದನ್ನು ಕಾದೆ. ಬಂದಾಗ ಅವಳ ಪ್ಯಾಂಟು ಮೊಣಕಾಲಿನವರೆಗೆ ಕೆಸರು. ಅವಳು ಕಾಲು ತೊಳೆದಳು, ತಲೆ ಒರೆಸಿದಳು, ಚಾಕ್ಕೆ ನೀರಿಟ್ಟಳು. ಆಮೇಲೆ ಒಳಗಿನಿಂದಲೇ ಹೇಳಿದಳು.

"ಚೈತ್ರಾ ಬಂದ್ಲು."

ನಾನು ಎದ್ದು ನಿಂತೆ.

"ಕೂತ್ಕೊಳ್ಬೇಡ, ಒಳ್ಳೆದಾಯ್ತು ಎದ್ದದ್ದು" ಎಂದು ಅವಳು ಬಾಗಿಲಿಗೆ ಬಂದಳು. "ಒಬ್ಬಳಿಂದ ತಂಡ ಆಗುದಿಲ್ಲ. ಉಳಿದವರ ಮನೆಗೆ ಯಾವಾಗ ಹೋಗ್ತಿ?"